ಹೃದಯಾಘಾತ ‘ಶ್ರೀಮಂತರ ಕಾಯಿಲೆ’ಯೇ?

‘ಮೈ ಬಗ್ಗಿಸಿ ದುಡಿಯೋರಿಗೆ ಹಾರ್ಟ್ ಅಟ್ಯಾಕ್ ಎಲ್ಲಿಂದ ಬರಬೇಕು? ಅದೆಲ್ಲ ಕೂತಲ್ಲೇ ಕೂತು ಬೆಣ್ಣೆ ದೋಸೆ ತಿನ್ನೋರ ಕಾಯಿಲೆ.’ ಈ ಮಾತನ್ನು ನಾವೆಲ್ಲ ಒಂದಲ್ಲ ಒಂದು ಸಲ ಕೇಳಿದ್ದೇವೆ, ಕೆಲವರು ಹೇಳಿಯೂ ಇದ್ದೇವೆ. ಗಾಂಧಿ ಬಜಾರಿನಲ್ಲಿ ಬೆಳಗಿನ ಜಾವ ಹೂವಿನ ಮೂಟೆ ಇಳಿಸುವವರನ್ನು, ಚಾಮರಾಜಪೇಟೆಯ ರಸ್ತೆ ಗುಡಿಸುವ ಪೌರಕಾರ್ಮಿಕರನ್ನು, ಕೆ.ಆರ್. ಮಾರುಕಟ್ಟೆಯ ಹಮಾಲಿಗಳನ್ನು ನೋಡಿದರೆ ಮಾತು ನಿಜವೆಂದೇ ಅನ್ನಿಸುತ್ತದೆ. ಮೈಯಲ್ಲಿ ಕೊಬ್ಬಿಲ್ಲ, ದಿನವಿಡೀ ಓಡಾಟ, ತುಪ್ಪ-ಬೆಣ್ಣೆ ಕೊಳ್ಳುವಷ್ಟು ದುಡ್ಡಿಲ್ಲ. ಇಂಥವರ ಹೃದಯಕ್ಕೆ ಏನಾಗಬೇಕು?

ಆಗುವುದು ಬಹಳ ಇದೆ. ಕಳೆದ 30 ವರ್ಷಗಳಲ್ಲಿ ನಡೆದ ಅಧ್ಯಯನಗಳು, ಅದರಲ್ಲೂ ನಮ್ಮ ಬೆಂಗಳೂರಿನ ವೈದ್ಯರೇ ಮುಂದೆ ನಿಂತು ಮಾಡಿದ ಕೆಲವು ದೊಡ್ಡ ಅಧ್ಯಯನಗಳು, ಈ ನಂಬಿಕೆಯನ್ನು ತಲೆಕೆಳಗು ಮಾಡಿವೆ. ಕಡಿಮೆ ಆದಾಯ, ಕಡಿಮೆ ಓದು ಇರುವವರಿಗೆ ಹೃದಯಾಘಾತದ ಅಪಾಯ ಹೆಚ್ಚು. ಆಘಾತವಾದ ಮೇಲೆ ಸಾಯುವ ಅಪಾಯವೂ ಹೆಚ್ಚು. ಈ ಎರಡೂ ಏಕೆ ಹೀಗೆ ಎಂದು ನೋಡೋಣ. ಎರಡಕ್ಕೂ ಕಾರಣ ಒಂದೇ ಅಲ್ಲ ಎಂಬುದು ಇಲ್ಲಿ ಮುಖ್ಯ.

ನಂಬಿಕೆ ಹುಟ್ಟಿದ್ದು ಎಲ್ಲಿಂದ?

‘ಶ್ರೀಮಂತರ ಕಾಯಿಲೆ’ ಎಂಬುದು ಪೂರ್ತಿ ಕಟ್ಟುಕತೆಯಲ್ಲ. ಇಂಗ್ಲೆಂಡಿನಲ್ಲಿ 20ನೇ ಶತಮಾನದ ಮೊದಲ ಅರ್ಧದಲ್ಲಿ ಹೃದಯದ ರಕ್ತನಾಳದ ಕಾಯಿಲೆ ಹೆಚ್ಚಾಗಿ ದಾಖಲಾಗಿದ್ದು ಉಳ್ಳವರಲ್ಲೇ. ಸಿಗರೇಟು, ಮೋಟಾರು ಕಾರು, ಎರಡು ಹೊತ್ತಿಗೂ ಮಾಂಸ-ಬೆಣ್ಣೆ ಮೊದಲು ತಲುಪಿದ್ದು ಅವರಿಗೆ. ಆಮೇಲೆ ಸಿಗರೇಟು ಅಗ್ಗವಾಗಿ ಎಲ್ಲರ ಜೇಬಿಗೆ ಬಂತು. ಅದರ ಅಪಾಯ ಗೊತ್ತಾದಾಗ ಮೊದಲು ಬಿಟ್ಟವರು ಓದಿಕೊಂಡವರು, ಹಣವಿದ್ದವರು. ಶತಮಾನದ ನಡುಭಾಗ ದಾಟುವ ಹೊತ್ತಿಗೆ ಲೆಕ್ಕ ತಿರುಗಿಬಿದ್ದಿತ್ತು. ಕಾಯಿಲೆ ಮೇಲಿನವರಿಂದ ಇಳಿದು ಕೆಳಗಿನವರ ಮನೆಯಲ್ಲಿ ಬಿಡಾರ ಹೂಡಿತ್ತು.

ಭಾರತದಲ್ಲೂ ಇದೇ ದಾರಿ, ಕೆಲವು ದಶಕ ತಡವಾಗಿ ಅಷ್ಟೆ. ನಮ್ಮಲ್ಲಿ ಇನ್ನೊಂದು ತೊಡಕೂ ಇತ್ತು. ಹೃದಯಾಘಾತ ಎಂದು ಬರೆದುಕೊಳ್ಳಬೇಕಾದರೆ ರೋಗಿ ಆಸ್ಪತ್ರೆಗೆ ಬರಬೇಕು, ಇಸಿಜಿ ತೆಗೆಯಬೇಕು, ವೈದ್ಯರು ನೋಡಬೇಕು. ಮನೆಯಲ್ಲೇ ‘ಎದೆ ಹಿಡ್ಕೊಂತು ಅಂದ್ರು, ಹೋಗೇಬಿಟ್ರು’ ಎಂದಾದವರು ಯಾವ ಪಟ್ಟಿಗೂ ಸೇರುತ್ತಿರಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಎಣಿಸಿದರೆ ಅಲ್ಲಿಗೆ ಬರಬಲ್ಲವರ ಕಾಯಿಲೆ ಮಾತ್ರ ಕಾಣುತ್ತದೆ. 1994ರಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಮಾಡಿದ ಸಮೀಕ್ಷೆಯ ವರದಿ ಪ್ರಕಟವಾದಾಗ, ಶಾಲೆಗೆ ಹೋಗದ ಗಂಡಸರಲ್ಲೇ ಹೃದ್ರೋಗ ಹೆಚ್ಚು ಎಂಬುದು ಕಂಡುಬಂತು. ಅಲ್ಲಿಗೆ ಹಳೆಯ ನಂಬಿಕೆ ಅಲುಗಾಡತೊಡಗಿತು.

1996ರ ಬೆಂಗಳೂರು ಅಧ್ಯಯನ

ಮುಂದಿನ ಪೆಟ್ಟು ಬಿದ್ದದ್ದು ನಮ್ಮೂರಿನಿಂದಲೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಪ್ರೇಮ್ ಪೈಸ್ ಮತ್ತು ಸಂಗಡಿಗರು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹೃದಯಾಘಾತಕ್ಕೊಳಗಾದ 200 ಮಂದಿಯನ್ನು, ಅದೇ ವಯಸ್ಸಿನ, ಅದೇ ಲಿಂಗದ, ಹೃದಯಾಘಾತವಾಗದ ಇನ್ನೂ 200 ಮಂದಿಯ ಜೊತೆ ಹೋಲಿಸಿದರು. 1996ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಅಧ್ಯಯನ ಗಾತ್ರದಲ್ಲಿ ಸಣ್ಣದು. ಆದರೆ ಅದು ಕೇಳಿದ ಪ್ರಶ್ನೆಗಳು ದೊಡ್ಡವು.

ಎಲ್ಲಕ್ಕಿಂತ ದೊಡ್ಡ ಅಪರಾಧಿ ಹೊಗೆ. ಸಿಗರೇಟು ಅಥವಾ ಬೀಡಿ ಸೇದುವವರಲ್ಲಿ ಹೃದಯಾಘಾತದ ಸಾಧ್ಯತೆ ಸೇದದವರಿಗಿಂತ 3.6 ಪಟ್ಟು. ದಿನಕ್ಕೆ 10 ಅಥವಾ ಹೆಚ್ಚು ಸೇದುವವರಲ್ಲಿ 6.7 ಪಟ್ಟು. ‘ಬೀಡಿ ಎಲೆಯದ್ದು, ಸಿಗರೇಟಿನಷ್ಟು ಕೆಟ್ಟದ್ದಲ್ಲ’ ಎನ್ನುವವರು ಗಮನಿಸಿ, ಲೆಕ್ಕದಲ್ಲಿ ಬೀಡಿಯೂ ಇದೆ. ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ ಎರಡೂ ಅಪಾಯವನ್ನು ಎರಡೂವರೆ ಪಟ್ಟಿಗಿಂತ ಹೆಚ್ಚಿಸಿದ್ದವು. ಹೊಟ್ಟೆಯ ಬೊಜ್ಜು ಕೂಡ ಸ್ವತಂತ್ರವಾಗಿ ಅಪಾಯ ಹೆಚ್ಚಿಸುವ ಅಂಶವಾಗಿ ಕಂಡಿತ್ತು. ಖಾಲಿ ಹೊಟ್ಟೆಯ ಸಕ್ಕರೆ ಪ್ರಮಾಣ ‘ನಾರ್ಮಲ್’ ಎಂದು ನಾವು ಕರೆಯುವ ಮಿತಿಯೊಳಗೇ ಏರುತ್ತ ಹೋದರೂ ಅಪಾಯ ಏರುತ್ತಿತ್ತು.

ಇನ್ನು ಹಣ ಮತ್ತು ಓದಿನ ವಿಷಯ. ಅತಿ ಕಡಿಮೆ ಆದಾಯದ ಗುಂಪಿಗೆ ಹೋಲಿಸಿದರೆ ಅತಿ ಹೆಚ್ಚು ಆದಾಯದ ಗುಂಪಿನಲ್ಲಿ ಹೃದಯಾಘಾತದ ಸಾಧ್ಯತೆ 0.32 ಪಟ್ಟು, ಅಂದರೆ ಸುಮಾರು ಮೂರನೇ ಒಂದು ಭಾಗ. ಅತಿ ಕಡಿಮೆ ಓದಿದವರಿಗೆ ಹೋಲಿಸಿದರೆ ಅತಿ ಹೆಚ್ಚು ಓದಿದವರಲ್ಲಿ 0.44 ಪಟ್ಟು, ಅರ್ಧಕ್ಕಿಂತ ಕಡಿಮೆ. ಶ್ರೀಮಂತರ ಕಾಯಿಲೆ ಎಂದುಕೊಂಡದ್ದು ಶ್ರೀಮಂತರಲ್ಲೇ ಕಡಿಮೆ!

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಆದಾಯ, ಓದಿನ ಈ ಅಂಕಿಗಳು ಬೇರೆ ಅಂಶಗಳನ್ನು ಪಕ್ಕಕ್ಕಿಟ್ಟು ನೋಡಿದ ಅಂಕಿಗಳಲ್ಲ. ಕಡಿಮೆ ಆದಾಯದವರು ಹೆಚ್ಚು ಸೇದುತ್ತಿದ್ದರೆ ಆ ಹೊಗೆಯ ಪಾಲೂ ಇದರೊಳಗೇ ಸೇರಿರುತ್ತದೆ. ಇದೇ ಅಧ್ಯಯನದಲ್ಲಿ ಸಸ್ಯಾಹಾರಿಗಳಿಗೂ ಅಪಾಯ ಕಡಿಮೆಯಿತ್ತು, ಸುಮಾರು 0.55 ಪಟ್ಟು. ಬಸವನಗುಡಿ, ಮಲ್ಲೇಶ್ವರದ ಅನೇಕ ಮನೆಗಳಲ್ಲಿ ಇದನ್ನು ಕೇಳಿ ಸಮಾಧಾನದ ಉಸಿರು ಬಿಟ್ಟಾರು. ಬಿಡಬೇಡಿ. ಸಸ್ಯಾಹಾರದ ಲಾಭ ಸಕ್ಕರೆಯ ಪ್ರಮಾಣ ಮತ್ತು ಸೊಂಟದ ಅಳತೆಯೊಂದಿಗೆ ಬಿಗಿಯಾಗಿ ಹೆಣೆದುಕೊಂಡಿತ್ತು ಎಂದು ಸಂಶೋಧಕರೇ ಹೇಳಿದ್ದಾರೆ. ಮಾಂಸ ಮುಟ್ಟದೆ, ಮೂರು ಹೊತ್ತೂ ಬಿಳಿ ಅನ್ನ, ಮಧ್ಯೆ ಮಧ್ಯೆ ಕಾಂಗ್ರೆಸ್ ಕಡಲೆಕಾಯಿ, ಮೈಸೂರುಪಾಕು ಎಂದು ಹೊಟ್ಟೆ ಬೆಳೆಸಿಕೊಂಡವರಿಗೆ ಆ ರಿಯಾಯಿತಿ ಸಿಗುತ್ತದೆ ಎಂದು ಯಾರೂ ಹೇಳಿಲ್ಲ. ಮತ್ತೊಂದು ಎಚ್ಚರಿಕೆ: ಕೊಲೆಸ್ಟರಾಲ್‌ಗೂ ಹೃದಯಾಘಾತಕ್ಕೂ ಈ ಅಧ್ಯಯನದಲ್ಲಿ ನಂಟು ಕಾಣಲಿಲ್ಲ. ಇಷ್ಟನ್ನೇ ಹಿಡಿದು ಮಾತ್ರೆ ನಿಲ್ಲಿಸಲು ಹೊರಡುವವರೂ ಇದ್ದಾರೆ. ಇದಾದ ಎಂಟು ವರ್ಷಕ್ಕೆ, 2004ರಲ್ಲಿ, 52 ದೇಶಗಳ ಸುಮಾರು 30,000 ಜನರನ್ನು ಒಳಗೊಂಡ ‘ಇಂಟರ್‌ಹಾರ್ಟ್’ ಅಧ್ಯಯನ ಬಂತು. ರಕ್ತದಲ್ಲಿ ಕೊಬ್ಬು ಹೊತ್ತೊಯ್ಯುವ ಕಣಗಳ ಏರುಪೇರು ಮತ್ತು ಧೂಮಪಾನ, ಇವೆರಡೇ ಜಗತ್ತಿನಾದ್ಯಂತ ಅತಿ ದೊಡ್ಡ ಅಪಾಯಗಳು ಎಂದು ಅದು ತೋರಿಸಿತು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವುದು ಬೇರೆಯವರಿಗಿಂತ ಸುಮಾರು ಆರು ವರ್ಷ ಮೊದಲೇ, 53ರ ಆಸುಪಾಸಿನಲ್ಲಿ ಎಂಬುದೂ ಅದರಿಂದಲೇ ತಿಳಿದದ್ದು. 53 ಅಂದರೆ ಇನ್ನೂ ದುಡಿಯುವ ವಯಸ್ಸು. ದಿನಗೂಲಿಯ ಮನೆಯಲ್ಲಿ ಆ ವಯಸ್ಸಿನ ಒಬ್ಬರು ಮಲಗಿದರೆ ಮನೆಯೇ ಮಲಗುತ್ತದೆ.

ಒಂದೇ ಬೀದಿ, ಎರಡು ಲೆಕ್ಕ

ನಮ್ಮ ಹಳೆಯ ಬಡಾವಣೆಗಳಿಗೂ ರೋಗ-ಅಂತಸ್ತಿನ ನಂಟಿಗೂ ಹಳೆಯ ಸಂಬಂಧವಿದೆ. ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಇಕ್ಕಟ್ಟಾದ ಪೇಟೆ ನಲುಗಿತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೇಗ ಬೇಗ ಬೆಳೆದದ್ದು ಆ ಭಯದಲ್ಲೇ. ಅಗಲ ರಸ್ತೆ, ಗಾಳಿ-ಬೆಳಕಿನ ನಿವೇಶನ, ಮನೆಗಳ ಹಿಂದೆ ಮಲ ಹೊರುವವರು ಓಡಾಡಲೆಂದೇ ಮಾಡಿದ ಸಣ್ಣ ಓಣಿ. ಮುಂಬಾಗಿಲಿನವರಿಗೂ ಹಿಂದಿನ ಓಣಿಯವರಿಗೂ ಒಂದೇ ಊರು, ಆದರೆ ಒಂದೇ ಗಾಳಿಯಲ್ಲ. ಆಗಿನ ರೋಗ ಇಲಿ-ಚಿಗಟದಿಂದ ಹರಡುತ್ತಿತ್ತು, ದೂರ ಹೋದರೆ ತಪ್ಪಿಸಿಕೊಳ್ಳಬಹುದಿತ್ತು. ದೂರ ಹೋಗಲು ಹಣ ಬೇಕಿತ್ತು.

ಈಗಿನ ರೋಗ ಚಿಗಟದಿಂದ ಬರುವುದಿಲ್ಲ, ನಿಜ. ಆದರೂ ಬೆಳಿಗ್ಗೆ ಆರೂವರೆಗೆ ಕೃಷ್ಣರಾವ್ ಪಾರ್ಕಿನಲ್ಲೋ ಸ್ಯಾಂಕಿ ಕೆರೆಯ ದಂಡೆಯಲ್ಲೋ ಬಿರುಸಾಗಿ ನಡೆಯುತ್ತಿರುವವರನ್ನೂ, ಅದೇ ಹೊತ್ತಿಗೆ ಹೊರಗಿನ ರಸ್ತೆ ಗುಡಿಸುತ್ತಿರುವವರನ್ನೂ ನೋಡಿ. ಇಬ್ಬರೂ ಮೈ ಬಳಸುತ್ತಿದ್ದಾರೆ. ‘ಇಬ್ಬರಿಗೂ ಒಂದೇ ವ್ಯಾಯಾಮ ಆಯ್ತಲ್ಲ’ ಎನ್ನುವುದು ನಮ್ಮ ನಂಬಿಕೆಯ ತಳಪಾಯ.

ಒಂದೇ ಅಲ್ಲ. ವಾಕಿಂಗ್ ಮಾಡುವವರು 45 ನಿಮಿಷ ಎದೆಬಡಿತ ಏರಿಸಿ, ಆಮೇಲೆ ಕೂತು, ತಿಂಡಿ ತಿಂದು, ದಣಿವಾರಿಸಿಕೊಳ್ಳುತ್ತಾರೆ. ಕೂಲಿಯ ಕೆಲಸದಲ್ಲಿ ಬಗ್ಗುವುದು, ಎತ್ತುವುದು, ನಿಂತೇ ಇರುವುದು ಎಂಟು-ಹತ್ತು ತಾಸು ನಡೆಯುತ್ತದೆ. ಎದೆಬಡಿತ, ರಕ್ತದೊತ್ತಡ ದಿನವಿಡೀ ಸ್ವಲ್ಪ ಮೇಲೇ ಇರುತ್ತವೆ, ಇಳಿಯಲು ಬಿಡುವಿಲ್ಲ. ಯುರೋಪಿನ ಕೆಲವು ಅಧ್ಯಯನಗಳಲ್ಲಿ ಬಿಡುವಿನ ವೇಳೆಯ ವ್ಯಾಯಾಮ ಹೃದಯವನ್ನು ಕಾಪಾಡಿದರೆ, ಕೆಲಸದಲ್ಲಿನ ಭಾರಿ ದುಡಿಮೆ ಕಾಪಾಡಲಿಲ್ಲ. ಎಲ್ಲ ಅಧ್ಯಯನಗಳೂ ಇದೇ ಮಾತು ಹೇಳುವುದಿಲ್ಲ. ಭಾರತವೂ ಸೇರಿದ 17 ದೇಶಗಳ ಒಂದು ಅಧ್ಯಯನದಲ್ಲಿ ಕೆಲಸದ ಓಡಾಟವೂ ಒಳ್ಳೆಯದೇ ಮಾಡಿತ್ತು. ಹಾಗಾಗಿ ‘ದುಡಿಮೆ ಕೆಟ್ಟದ್ದು’ ಎಂದು ನಾವು ಹೇಳುತ್ತಿಲ್ಲ. ಬೀಡಿ, ಬಿಪಿ, ನಿದ್ದೆಗೇಡು ಸೇರಿಕೊಂಡಾಗ ದುಡಿಮೆಯೊಂದೇ ಕವಚವಾಗಿ ನಿಲ್ಲುವುದಿಲ್ಲ, ಅಷ್ಟೆ.

ಈ ಸಂಗತಿಯಲ್ಲಿ ಒಂದು ಹಳೆಯ, ಸ್ವಾರಸ್ಯದ ಅಧ್ಯಯನವಿದೆ. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಚಾಲಕರನ್ನೂ ನಿರ್ವಾಹಕರನ್ನೂ ಹೋಲಿಸಿದರು. ಇಬ್ಬರ ಸಂಬಳ, ಮನೆತನ ಹೆಚ್ಚೂಕಡಿಮೆ ಒಂದೇ. ಕೂತಲ್ಲೇ ಕೂರುವ ಚಾಲಕರಿಗೆ ಹೃದ್ರೋಗ ಹೆಚ್ಚು, ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಕಡಿಮೆ. ಎಲ್ಲರೂ ವ್ಯಾಯಾಮಕ್ಕೆ ಜೈ ಎಂದರು. ಕೆಲವು ವರ್ಷಗಳ ನಂತರ ಅದೇ ತಂಡ ಸಮವಸ್ತ್ರದ ಲೆಕ್ಕ ತೆಗೆಸಿ ನೋಡಿದಾಗ, ಚಾಲಕರ ಪ್ಯಾಂಟಿನ ಸೊಂಟ ಕಂಡಕ್ಟರುಗಳಿಗಿಂತ ದೊಡ್ಡದಿತ್ತು. ಕೆಲಸಕ್ಕೆ ಸೇರಿದ ವಯಸ್ಸಿನವರಲ್ಲೇ ಆ ವ್ಯತ್ಯಾಸ ಇತ್ತು! ಅಂದರೆ ಒಂದಿಷ್ಟು ವ್ಯತ್ಯಾಸ ಕೆಲಸಕ್ಕೂ ಮೊದಲೇ ಶುರುವಾಗಿತ್ತು. ಕಾರಣ ಹುಡುಕುವಾಗ ಒಂದೇ ಎಳೆ ಹಿಡಿದು ಕೂರಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ.

ಹುಟ್ಟುವ ಮೊದಲೇ ಶುರುವಾಗುವ ಕಥೆ

ಎಷ್ಟು ಮೊದಲೇ ಎಂದರೆ, ತಾಯಿಯ ಹೊಟ್ಟೆಯಲ್ಲೇ. ಇದಕ್ಕೆ ಸಾಕ್ಷಿ ಸಿಕ್ಕಿದ್ದು ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ. ಮೈಸೂರಿನವರು ಮಿಷನ್ ಆಸ್ಪತ್ರೆ ಎನ್ನುತ್ತಾರೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಪ್ಪ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಸಂಶೋಧಕರು 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಆಸ್ಪತ್ರೆಯ ಸುತ್ತಮುತ್ತಲೇ ಬದುಕುತ್ತಿದ್ದ 517 ಮಂದಿಯನ್ನು ಹುಡುಕಿ, ಅವರ ಹೃದಯ ಪರೀಕ್ಷಿಸಿದರು. 1996ರಲ್ಲೇ ಇದೂ ಪ್ರಕಟವಾಯಿತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಕಡಿಮೆ ತೂಗಿದವರಲ್ಲಿ 11% ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. 3.1 ಕಿಲೋ ದಾಟಿದವರಲ್ಲಿ 3% ಮಾತ್ರ. ಅತಿ ಹೆಚ್ಚು, 20%, ಕಂಡದ್ದು ಕಡಿಮೆ ತೂಕದಲ್ಲಿ ಹುಟ್ಟಿದ್ದಲ್ಲದೆ ಗರ್ಭಿಣಿಯಾಗಿದ್ದಾಗ ತಾಯಿಯ ತೂಕವೂ 45 ಕಿಲೋಗಿಂತ ಕಡಿಮೆ ಇದ್ದವರಲ್ಲಿ.

ಇದರ ಅರ್ಥ ಏನಿರಬಹುದು? ಹೊಟ್ಟೆಯಲ್ಲಿರುವ ಮಗುವಿಗೆ ಪೋಷಣೆ ಸಾಲದಾದಾಗ ದೇಹ ಮಿದುಳಿಗೆ ಮೊದಲು ಕೊಟ್ಟು, ಮೂತ್ರಪಿಂಡ, ಮೇದೋಜೀರಕ, ಸ್ನಾಯುಗಳಿಗೆ ಉಳಿದದ್ದನ್ನು ಕೊಡುತ್ತದೆ. ಹೀಗೆ ಬಡತನಕ್ಕೆ ಹೊಂದಿಕೊಂಡು ಹುಟ್ಟಿದ ದೇಹ ಮುಂದೆ ಅನ್ನ, ಎಣ್ಣೆ, ಸಕ್ಕರೆ ಧಾರಾಳವಾಗಿ ಸಿಗುವ ಊರಿಗೆ ಬಂದಾಗ ಬಿಪಿ, ಶುಗರ್ ಬೇಗ ಹತ್ತುತ್ತವೆ ಎಂಬುದು ಇದರ ಹಿಂದಿನ ವಿವರಣೆ. 60 ವರ್ಷದ ಹಿಂದೆ ಯಾರದೋ ತಾಯಿ ಅರೆಹೊಟ್ಟೆ ಉಂಡದ್ದಕ್ಕೆ ಇಂದು ಮಗನ ಎದೆ ಬೆಲೆ ತೆರುತ್ತಿದೆ. ‘ಜೀವನಶೈಲಿಯ ಕಾಯಿಲೆ’ ಎಂಬ ಪದವನ್ನು ನಾವು ಕೊಂಚ ಅನುಮಾನದಿಂದ ಬಳಸುವುದು ಇದಕ್ಕೇ. ಶೈಲಿ ಎಂದರೆ ಆರಿಸಿಕೊಂಡದ್ದು. ಇದನ್ನು ಯಾರೂ ಆರಿಸಿಕೊಂಡಿರಲಿಲ್ಲ.

ಮನಸ್ಸಿನ ಒತ್ತಡ ಯಾರಿಗೆ ಹೆಚ್ಚು?

‘ಟೆನ್ಶನ್ ಇರೋದು ಮ್ಯಾನೇಜರುಗಳಿಗೆ, ಅಟೆಂಡರಿಗೇನು ಟೆನ್ಶನ್?’ ಇದೂ ಒಂದು ಮಿಥ್ಯೆ. 1967ರಲ್ಲಿ ಲಂಡನ್ನಿನಲ್ಲಿ ಸುಮಾರು 18,000 ಸರ್ಕಾರಿ ನೌಕರರ ಮೇಲೆ ಶುರುವಾದ ‘ವೈಟ್‌ಹಾಲ್’ ಅಧ್ಯಯನದಲ್ಲಿ, ಮೈಕೆಲ್ ಮಾರ್ಮಟ್ ಮತ್ತು ಸಂಗಡಿಗರು ಕಂಡದ್ದು ಇದರ ಉಲ್ಟಾ. ಅತಿ ಕೆಳಗಿನ ದರ್ಜೆಯವರು ಹೃದ್ರೋಗದಿಂದ ಸಾಯುವ ಪ್ರಮಾಣ ಅತಿ ಮೇಲಿನವರಿಗಿಂತ ಮೂರು ಪಟ್ಟಿಗೂ ಹೆಚ್ಚು. ಇವರ್‍ಯಾರೂ ಹಸಿದವರಲ್ಲ, ಎಲ್ಲರಿಗೂ ಕಾಯಂ ನೌಕರಿ, ಎಲ್ಲರಿಗೂ ಸರ್ಕಾರದ ಉಚಿತ ಆಸ್ಪತ್ರೆ. ಸಿಗರೇಟು, ಬಿಪಿ, ಕೊಲೆಸ್ಟರಾಲ್ ಎಲ್ಲ ಲೆಕ್ಕ ಹಾಕಿದರೂ ಆ ಅಂತರದ ಅರ್ಧಕ್ಕಿಂತ ಕಡಿಮೆ ಭಾಗಕ್ಕೆ ಮಾತ್ರ ಉತ್ತರ ಸಿಕ್ಕಿತು. 1985ರಲ್ಲಿ ಶುರುವಾದ ಎರಡನೇ ಅಧ್ಯಯನ ಉಳಿದ ಉತ್ತರದ ಒಂದು ಭಾಗವನ್ನು ಹುಡುಕಿತು: ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದಿರುವುದು. ಯಾವಾಗ ಏಳಬೇಕು, ಯಾವಾಗ ಊಟ, ಯಾವಾಗ ರಜೆ, ಎಲ್ಲವನ್ನೂ ಬೇರೆಯವರು ನಿರ್ಧರಿಸುವ ಕೆಲಸ.

ಇಂಥ ಒತ್ತಡದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ದಿನಗಟ್ಟಲೆ, ವರ್ಷಗಟ್ಟಲೆ ಮೇಲಿರುತ್ತವೆ. ರಕ್ತದೊತ್ತಡ ಏರುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಕೂಡುತ್ತದೆ, ರಕ್ತನಾಳದ ಒಳಪದರ ಸವೆಯುತ್ತದೆ. ಅಲ್ಲದೆ ಒತ್ತಡವಿರುವವರು ಬೀಡಿ ಬಿಡುವುದೂ ಕಷ್ಟ. ಹತ್ತು ನಿಮಿಷದ ಬಿಡುವು ಸಿಗುವುದೇ ಆ ಬೀಡಿಯ ನೆಪದಲ್ಲಿ.

ಬೆಂಗಳೂರಿನ ಆಟೋ, ಕ್ಯಾಬ್ ಚಾಲಕರನ್ನು ಇದರೊಂದಿಗೆ ಇಟ್ಟು ನೋಡಿ. ಬಾಡಿಗೆ ಗಾಡಿ, ಸಾಲದ ಕಂತು, ಹೊಗೆ, ಹಾರನ್ನು, ರಾತ್ರಿ ಪಾಳಿ, ಕೂತೇ ಇರುವ ಕೆಲಸ, ಸಿಕ್ಕಿದ ಕಡೆ ಸಿಕ್ಕಿದ ಹೊತ್ತಿಗೆ ಊಟ. ಜಯದೇವ ಹೃದ್ರೋಗ ಸಂಸ್ಥೆಯು 40 ವರ್ಷದೊಳಗಿನ ಹೃದ್ರೋಗಿಗಳ ಮಾಹಿತಿಯನ್ನು 2017ರಿಂದ ಪ್ರತ್ಯೇಕವಾಗಿ ಸಂಗ್ರಹಿಸುತ್ತಿದೆ. ಅಲ್ಲಿಯೂ ಧೂಮಪಾನವೇ ಎದ್ದು ಕಂಡ ಅಪಾಯ, ಚಾಲಕರ ಸಂಖ್ಯೆ ಗಮನ ಸೆಳೆಯುವಷ್ಟಿದೆ.

ಊಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ನಿಮಗೆ ಗೊತ್ತಿರುವುದೇ. ಕಡಿಮೆ ಹಣದಲ್ಲಿ ಹೊಟ್ಟೆ ತುಂಬಿಸುವುದು ಅಕ್ಕಿ ಮತ್ತು ಎಣ್ಣೆ. ಹಣ್ಣು, ಸೊಪ್ಪು, ಕಾಳು ತಿಂಗಳ ಕೊನೆಯ ವಾರದಲ್ಲಿ ಮೊದಲು ಕೈಬಿಡುವ ಸಾಮಾನು. ಬೆಣ್ಣೆ ಮಸಾಲೆ ದೋಸೆಗೆ ಸಾಲು ನಿಲ್ಲುವವರು ವಾರಕ್ಕೊಮ್ಮೆ ನಿಲ್ಲುತ್ತಾರೆ. ಕಾದು ಕಾದು ಕಪ್ಪಾದ ಎಣ್ಣೆಯಲ್ಲಿ ಕರಿದ ಬೋಂಡಾ-ಬಜ್ಜಿಯೇ ಕೆಲವರಿಗೆ ದಿನದ ಮಧ್ಯಾಹ್ನದ ಊಟ. ಬಡವರ ಊಟ ಎಂದು ಒಂದು ಕಾಲಕ್ಕೆ ಮೂಗು ಮುರಿಯುತ್ತಿದ್ದ ರಾಗಿ ಮುದ್ದೆ ಈಗ ಮಲ್ಲೇಶ್ವರದ ಡಯಟ್ ಪಟ್ಟಿಗೆ ಏರಿದೆ!

ಆಘಾತವಾದ ಮೇಲೆ

ಇಲ್ಲಿಯವರೆಗೆ ಹೇಳಿದ್ದು ಕಾಯಿಲೆ ಯಾರಿಗೆ ಬರುತ್ತದೆ ಎಂಬುದು. ಬಂದ ಮೇಲೆ ಯಾರು ಉಳಿಯುತ್ತಾರೆ ಎಂಬ ಪ್ರಶ್ನೆಗೆ ಉತ್ತರಿಸಿದ್ದೂ ಬೆಂಗಳೂರಿನದೇ ತಂಡ. ಸೇಂಟ್ ಜಾನ್ಸ್‌ನ ಡಾ. ಡೆನಿಸ್ ಕ್ಸೇವಿಯರ್, ಡಾ. ಪ್ರೇಮ್ ಪೈಸ್ ಮತ್ತಿತರರು ದೇಶದ 50 ನಗರಗಳ 89 ಆಸ್ಪತ್ರೆಗಳಿಂದ 20,468 ರೋಗಿಗಳ ವಿವರ ಕಲೆಹಾಕಿ 2008ರಲ್ಲಿ ಪ್ರಕಟಿಸಿದರು. ‘ಕ್ರಿಯೇಟ್’ ಎಂಬುದು ಆ ದಾಖಲಾತಿಯ ಹೆಸರು.

ಅದರಲ್ಲಿನ ರೋಗಿಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಕೆಳಮಧ್ಯಮ ಅಥವಾ ಬಡ ವರ್ಗದವರು. ಹೃದಯಾಘಾತವಾಗಿ 30 ದಿನಗಳೊಳಗೆ ತೀರಿಕೊಂಡವರು ಶ್ರೀಮಂತರಲ್ಲಿ 5.5%, ಬಡವರಲ್ಲಿ 8.2%. ಏಕೆ? ಬಡವರು ಹೆಚ್ಚು ಕಾಯಿಲೆ ಹೊತ್ತು ಬಂದಿದ್ದರು ಎಂದು ಯಾರಾದರೂ ಊಹಿಸಬಹುದು. ಸಂಶೋಧಕರು ವಯಸ್ಸು, ಬಿಪಿ, ಶುಗರ್, ಧೂಮಪಾನ ಎಲ್ಲವನ್ನೂ ಸರಿದೂಗಿಸಿ ನೋಡಿದರು, ಅಂತರ ಹಾಗೇ ಉಳಿಯಿತು. ಸಿಕ್ಕ ಚಿಕಿತ್ಸೆಯನ್ನು ಸರಿದೂಗಿಸಿ ನೋಡಿದರು, ಅಂತರ ಮಾಯವಾಯಿತು.

ಈ ಒಂದು ಫಲಿತಾಂಶವನ್ನು ನೀವು ಇನ್ನೊಮ್ಮೆ ಓದಬೇಕು. ಇದು ಸಾವಿನ ಅಂತರದ ಕಾರಣವನ್ನು ಬಡವರ ದೇಹದಿಂದ ಎತ್ತಿ ಆಸ್ಪತ್ರೆಯ ಒಳಗೆ ಇಡುತ್ತದೆ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಶ್ರೀಮಂತರಲ್ಲಿ 60.6% ಮಂದಿಗೆ ಸಿಕ್ಕಿತ್ತು, ಬಡವರಲ್ಲಿ 52.3% ಮಂದಿಗೆ. ಬಲೂನು-ಸ್ಟೆಂಟ್ ಚಿಕಿತ್ಸೆ ಶ್ರೀಮಂತರಲ್ಲಿ 15.3%, ಬಡವರಲ್ಲಿ 2%. ಸ್ಟೆಂಟ್ ದುಬಾರಿ, ಅದು ಅರ್ಥವಾಗುತ್ತದೆ. ಆದರೆ ಕೊಬ್ಬು ಇಳಿಸುವ ಮಾತ್ರೆ 61.2% ಶ್ರೀಮಂತರಿಗೆ ಸಿಕ್ಕರೆ ಬಡವರಲ್ಲಿ 36% ಮಂದಿಗಷ್ಟೇ ಸಿಕ್ಕಿತ್ತು. ಬೀಟಾ ಬ್ಲಾಕರ್ ಎಂಬ, ಹೃದಯದ ಬಡಿತ ಹತೋಟಿಯಲ್ಲಿಡುವ ಹಳೆಯ, ಅಗ್ಗದ ಮಾತ್ರೆಯಲ್ಲೂ ಅಂತರವಿತ್ತು. ಇದಕ್ಕೆ ಹಣವೊಂದೇ ಕಾರಣ ಎಂದು ನಮಗೆ ಅನ್ನಿಸುವುದಿಲ್ಲ. ಎಂಥ ಆಸ್ಪತ್ರೆಗೆ ಹೋದರು, ಯಾರು ಎಷ್ಟು ಹೊತ್ತು ಕೂತು ವಿವರಿಸಿದರು, ಚೀಟಿ ಓದಲು ಮನೆಯಲ್ಲಿ ಯಾರಿದ್ದರು ಎಂಬುದೆಲ್ಲ ಸೇರುತ್ತದೆ.

ತಡವಾಗುವುದು ಇನ್ನೊಂದು. ‘ಕ್ರಿಯೇಟ್’ ರೋಗಿಗಳಲ್ಲಿ ಅರ್ಧಕ್ಕರ್ಧ ಮಂದಿ ನೋವು ಶುರುವಾಗಿ 6 ಗಂಟೆ ಕಳೆದ ಮೇಲೆ ಆಸ್ಪತ್ರೆ ತಲುಪಿದ್ದರು. ಆಂಬುಲೆನ್ಸ್‌ನಲ್ಲಿ ಬಂದವರು ತೀರಾ ಕಡಿಮೆ. ಹೃದಯದ ಸ್ನಾಯು ಅಷ್ಟು ಹೊತ್ತು ಕಾಯುವುದಿಲ್ಲ. ರಕ್ತ ನಿಂತ ಅರ್ಧ ಗಂಟೆಯ ಸುಮಾರಿಗೆ ಸಾಯತೊಡಗಿ, ಗಂಟೆ ಗಂಟೆಗೂ ಸತ್ತ ಭಾಗ ಹಿಗ್ಗುತ್ತದೆ. ಈ ಗಂಟೆಗಳು ಎಲ್ಲಿ ಹೋಗುತ್ತವೆ ಎಂದು ನಮಗೆಲ್ಲ ಗೊತ್ತು. ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿಯುವುದರಲ್ಲಿ ಒಂದು ಗಂಟೆ. ಮೆಡಿಕಲ್ ಸ್ಟೋರಿನ ಮಾತ್ರೆಗೆ ಇನ್ನೊಂದು. ‘ಇವತ್ತಿನ ಕೂಲಿ ಹೋಗುತ್ತಲ್ಲ’ ಎಂಬ ಯೋಚನೆ. ಹತ್ತಿರದ ಖಾಸಗಿ ಆಸ್ಪತ್ರೆಯಲ್ಲಿ ಎಷ್ಟು ಕಟ್ಟಿಸಿಕೊಳ್ಳುತ್ತಾರೋ ಎಂಬ ಭಯ. ಯಾರನ್ನು ಕೇಳಿ ಸಾಲ ತರುವುದು ಎಂಬ ಫೋನು. ಜಯದೇವ ಸಂಸ್ಥೆ 1972ರಲ್ಲಿ ಶುರುವಾದದ್ದು ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ, ಚಾಮರಾಜಪೇಟೆಗೆ ಕೂಗಳತೆಯಲ್ಲಿ. ಈಗಿರುವ ಬನ್ನೇರುಘಟ್ಟ ರಸ್ತೆಯೂ ಬಸವನಗುಡಿಗೆ ದೂರವೇನಲ್ಲ. ಕಿಲೋಮೀಟರಿನ ಲೆಕ್ಕದಲ್ಲಿ ಹತ್ತಿರವಿದ್ದರೂ ಕೆಲವರಿಗೆ ಅದು ಆರು ಗಂಟೆ ದೂರ.

ಜಗತ್ತಿನ ಮಟ್ಟದಲ್ಲೂ ಚಿತ್ರ ಇದೇ. 2014ರಲ್ಲಿ ಪ್ರಕಟವಾದ 17 ದೇಶಗಳ ‘ಪ್ಯೂರ್’ ಅಧ್ಯಯನದಲ್ಲಿ ಬೆಂಗಳೂರಿನವರೂ ಇದ್ದರು. ಅದರ ಪ್ರಕಾರ ಬಿಪಿ, ಕೊಲೆಸ್ಟರಾಲ್, ಬೊಜ್ಜು ಎಲ್ಲ ಸೇರಿಸಿದ ಅಪಾಯದ ಅಂಕ ಅತಿ ಹೆಚ್ಚು ಇದ್ದದ್ದು ಶ್ರೀಮಂತ ದೇಶಗಳಲ್ಲಿ, ಅತಿ ಕಡಿಮೆ ಬಡ ದೇಶಗಳಲ್ಲಿ. ಆದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಯಾದವರಲ್ಲಿ ಸತ್ತವರು ಶ್ರೀಮಂತ ದೇಶಗಳಲ್ಲಿ 6.5%, ಬಡ ದೇಶಗಳಲ್ಲಿ 17.3%. ಇದೇ ಅಧ್ಯಯನದ 2019ರ ವರದಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಭಾರತದಂಥ ದೇಶಗಳಲ್ಲಿ ಕಡಿಮೆ ಓದಿದವರಿಗೆ ಹೆಚ್ಚು ಓದಿದವರಿಗಿಂತ ಗಂಭೀರ ಹೃದ್ರೋಗ-ಪಾರ್ಶ್ವವಾಯುವಿನ ಅಪಾಯ ಎರಡು ಪಟ್ಟಿಗೂ ಹೆಚ್ಚು. ಮನೆಯಲ್ಲಿರುವ ಆಸ್ತಿಗಿಂತ ಶಾಲೆಯ ವರ್ಷಗಳೇ ಅಪಾಯವನ್ನು ಚೆನ್ನಾಗಿ ಹೇಳುತ್ತಿದ್ದವು.

ಹಾಗಾದರೆ ಉಳ್ಳವರು ನಿಶ್ಚಿಂತೆಯಿಂದ ಇರಬಹುದೇ?

ಇಲ್ಲ. ಇವೆಲ್ಲ ಗುಂಪಿನ ಲೆಕ್ಕಗಳು. ಹಣವಿದ್ದೂ ಸೇದುವ, ಶುಗರ್ ಲೆಕ್ಕಿಸದ, ಮನೆತನದಲ್ಲಿ ಹೃದ್ರೋಗವಿರುವ ಒಬ್ಬರಿಗೆ ಗುಂಪಿನ ಸರಾಸರಿ ರಕ್ಷಣೆ ಕೊಡುವುದಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗ ಇಡೀ ರಾಜ್ಯ ಬೆಚ್ಚಿಬಿತ್ತು, ಜಯದೇವದ ಮುಂದೆ ತಪಾಸಣೆಗೆ ಜನ ಮುಗಿಬಿದ್ದರು. 2025ರಲ್ಲಿ ಹಾಸನದ ಸಾವುಗಳ ಸುದ್ದಿ ಬಂದಾಗಲೂ ಹಾಗೇ ಆಯಿತು. ಆ ಸಾವುಗಳನ್ನು ಪರಿಶೀಲಿಸಿದ ತಜ್ಞರ ಸಮಿತಿ ಸಾವಿನ ಸಂಖ್ಯೆಯಲ್ಲಿ ಅಸಹಜ ಏರಿಕೆ ಇಲ್ಲ ಎಂದಿತು. ಭಯದಲ್ಲಿ ಸಾಲು ನಿಂತವರನ್ನು ನಾವು ದೂರುವುದಿಲ್ಲ. ಆದರೆ ಕೂಲಿ ಬಿಟ್ಟು ಅರ್ಧ ದಿನ ಸಾಲಿನಲ್ಲಿ ನಿಲ್ಲಲು ಯಾರಿಗೆ ಸಾಧ್ಯ ಎಂದು ಕೇಳಿಕೊಂಡರೆ, ಅಪಾಯ ಹೆಚ್ಚಿರುವವರು ಆ ಸಾಲಿನಲ್ಲಿ ಕಡಿಮೆ ಇದ್ದಿರಬಹುದು.

ಬದಲಾದದ್ದೂ ಇದೆ. ‘ಕ್ರಿಯೇಟ್’ ಕಾಲದ ಕರ್ನಾಟಕ ಈಗಿಲ್ಲ. 108 ಆಂಬುಲೆನ್ಸ್ ಬಂದದ್ದೇ 2008ರ ಕೊನೆಯಲ್ಲಿ. ಔಷಧ ಲೇಪಿತ ಸ್ಟೆಂಟ್‌ಗೆ ಕೇಂದ್ರ ಸರ್ಕಾರ 2017ರ ಫೆಬ್ರವರಿಯಲ್ಲಿ 29,600 ರೂಪಾಯಿಯ ಮಿತಿ ಹಾಕಿತು. ಅದಕ್ಕೂ ಮೊದಲು ಲಕ್ಷ ದಾಟಿದ್ದೂ ಉಂಟು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಪುನೀತ್ ಹೆಸರಿನಲ್ಲೇ ಶುರುವಾದ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಕುಳಿತಲ್ಲೇ ನೋಡಿ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡಿಸುತ್ತಾರೆ.

ಎದೆ ಹಿಂಡಿದಂತೆ ನೋವು, ತಣ್ಣನೆ ಬೆವರು, ದವಡೆಗೋ ಎಡಗೈಗೋ ಹರಿಯುವ ಸೆಳೆತ, ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಕೆಲವೊಮ್ಮೆ ನೋವೇ ಇಲ್ಲದ ಉಸಿರುಕಟ್ಟು, ಸುಸ್ತು: ಇವುಗಳಲ್ಲಿ ಯಾವುದೇ ಕಂಡರೂ ‘ಗ್ಯಾಸ್’ ಎನ್ನುವ ಮೊದಲು ಒಂದು ಇಸಿಜಿ ಆಗಬೇಕು. ವಿಕ್ಟೋರಿಯಾದಲ್ಲಿ, ಮಲ್ಲೇಶ್ವರದ ಕೆ.ಸಿ. ಜನರಲ್‌ನಲ್ಲಿ, ಜಯದೇವದಲ್ಲಿ ಅದಕ್ಕೆ ಶ್ರೀಮಂತರಾಗಬೇಕಿಲ್ಲ. ಮೊದಲ ಇಸಿಜಿ ಸರಿಯಿದ್ದರೂ ನೋವು ನಿಲ್ಲದಿದ್ದರೆ ಮನೆಗೆ ಹೊರಡಬೇಡಿ, ಸ್ವಲ್ಪ ಹೊತ್ತಿನ ನಂತರ ಮತ್ತೆ ತೆಗೆಯಲು ಕೇಳಿ.

ಬಿಪಿ ಮಾತ್ರ ಹೇಳಿ ಬರುವುದಿಲ್ಲ, ನೋಡಿದರಷ್ಟೇ ಗೊತ್ತಾಗುವುದು. ವಾರ್ಡುಗಳಲ್ಲಿರುವ ನಮ್ಮ ಕ್ಲಿನಿಕ್‌ಗಳಲ್ಲಿ ಬಿಪಿ, ಶುಗರ್ ಪರೀಕ್ಷೆ ಮತ್ತು ಮಾತ್ರೆ ಉಚಿತ. ಅವು ಹೆಚ್ಚಾಗಿ ತೆರೆದಿರುವುದು ಹಗಲಿನಲ್ಲಿ, ಅಂದರೆ ಮನೆಗೆಲಸದವರು, ಡ್ರೈವರುಗಳು, ಕಾವಲಿನವರು ಕೆಲಸದಲ್ಲಿರುವ ಹೊತ್ತಿನಲ್ಲೇ. ನಿಮ್ಮ ಮನೆಯಲ್ಲಿ ಬಿಪಿ ಯಂತ್ರವಿದ್ದರೆ ಅವರೂ ಐದು ನಿಮಿಷ ಕೂತು ಸುಧಾರಿಸಿಕೊಂಡ ಮೇಲೆ ಎರಡು ಸಲ ನೋಡಿ. ಬೇರೆ ಬೇರೆ ದಿನವೂ 140/90 ದಾಟುತ್ತಿದ್ದರೆ ಕ್ಲಿನಿಕ್‌ಗೆ ಕಳಿಸಿ, ಆ ಅರ್ಧ ದಿನದ ಸಂಬಳ ಹಿಡಿಯಬೇಡಿ.